ಒಗ್ಗದ ಮದ್ದು, ಒರೆಗೆ ಹಚ್ಚದ ನಂಬಿಕೆ

“ಪೆನಿಸಿಲಿನ್ ನಮ್ಮ ಹುಡುಗನಿಗೆ ಆಗಿಬರಲ್ಲ ಸಿಸ್ಟರ್, ಚಿಕ್ಕವನಿದ್ದಾಗ ಮೈಯೆಲ್ಲ ದದ್ದು ಎದ್ದಿತ್ತು.” ಮಗನನ್ನು ಆಸ್ಪತ್ರೆಗೆ ಸೇರಿಸುವಾಗ ತಾಯಿ ಹೇಳುವ ಈ ಮಾತು ಕೇಸ್ ಶೀಟಿನ ಮೇಲ್ತುದಿಯಲ್ಲಿ ಕೆಂಪು ಶಾಯಿಯಲ್ಲಿ ಕೂರುತ್ತದೆ. ಕೊಟ್ಟಿದ್ದ ಮದ್ದು ಯಾವುದು, ಎಷ್ಟನೇ ದಿನ ದದ್ದು ಎದ್ದಿತು, ಉಸಿರಿಗೆ ತೊಂದರೆಯಾಗಿತ್ತೇ, ಆಗ ಹುಡುಗನಿಗಿದ್ದ ಜ್ವರ ಎಂಥದು ಎಂದೆಲ್ಲ ಕೂತು ಕೇಳುವ ಪುರುಸೊತ್ತು ಗಿಜಿಗುಡುವ ವಾರ್ಡಿನಲ್ಲಿ ಯಾರಿಗೂ ಇಲ್ಲ. ಹುಡುಗ ದೊಡ್ಡವನಾಗುತ್ತಾನೆ, ಊರು ಬಿಡುತ್ತಾನೆ, ಆಸ್ಪತ್ರೆ ಬದಲಾಗುತ್ತದೆ. ಕೆಂಪು ಅಕ್ಷರಗಳು ಮಾತ್ರ ಒಂದು ಫೈಲಿನಿಂದ ಇನ್ನೊಂದಕ್ಕೆ ನಕಲಾಗುತ್ತ ಹೋಗುತ್ತವೆ. ನಡುವಯಸ್ಸಿನಲ್ಲಿ ಅವನಿಗೆ ನ್ಯುಮೋನಿಯಾ ಬಂದಾಗಲೂ ಮದ್ದನ್ನು ಆರಿಸುವುದು ಆ ಅಕ್ಷರಗಳೇ.

ಅಮೆರಿಕದಲ್ಲಿ ಸರಿಸುಮಾರು ಹತ್ತು ಜನರಲ್ಲಿ ಒಬ್ಬರ ವೈದ್ಯಕೀಯ ದಾಖಲೆಯಲ್ಲಿ ‘ಪೆನಿಸಿಲಿನ್ ಅಲರ್ಜಿ’ ಎಂದಿರುತ್ತದೆ. ಅಂಥವರನ್ನು ಕ್ರಮಬದ್ಧವಾಗಿ ಪರೀಕ್ಷಿಸಿದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಅಲರ್ಜಿಯೇ ಇಲ್ಲವೆಂದು ತಿಳಿದುಬರುತ್ತದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಪೆನಿಸಿಲಿನ್ ಜಾತಿಯ ಅಮಾಕ್ಸಿಸಿಲಿನ್ ಮದ್ದಿನ ಅಲರ್ಜಿಯ ಶಂಕೆಯಿದ್ದ 818 ಮಕ್ಕಳಿಗೆ ವೈದ್ಯರ ಕಣ್ಣೆದುರೇ ಅದೇ ಔಷಧ ಕೊಟ್ಟು ನೋಡಿದರು. 770 ಮಕ್ಕಳಿಗೆ ಏನೂ ಆಗಲಿಲ್ಲ. ತಕ್ಷಣವೇ ಪ್ರತಿಕ್ರಿಯೆ ತೋರಿದವರು 17 ಮಕ್ಕಳು. ತಡವಾಗಿ ತೋರಿದವರು 31. ಈ ಅಧ್ಯಯನ 2016ರಲ್ಲಿ ಪ್ರಕಟವಾಯಿತು.

ಹಾಗಾದರೆ ಆ 770 ಮಕ್ಕಳ ತಾಯಂದಿರೆಲ್ಲ ಸುಳ್ಳು ಹೇಳಿದರೇ? ಇಲ್ಲ. ಅವರು ಕಂಡದ್ದನ್ನೇ ಹೇಳಿದರು. ಕಂಡದ್ದನ್ನು ಹೇಳಿಯೂ ಮನುಷ್ಯ ತಪ್ಪು ತಿಳಿವಳಿಕೆಗೆ ಹೇಗೆ ಬೀಳುತ್ತಾನೆ ಎಂಬುದು ಭಾರತದ ದಾರ್ಶನಿಕರು ನೂರಾರು ವರ್ಷ ಜಗಳವಾಡಿದ ಪ್ರಶ್ನೆ. ಔಷಧದ ಅಲರ್ಜಿಯ ವಿಷಯದಲ್ಲಿ ಆ ಜಗಳ ಇಂದಿಗೂ ಜೀವಂತವಾಗಿದೆ.

ನ್ಯಾಯ ದರ್ಶನ ಆಪ್ತನ ಮಾತನ್ನು ಪ್ರಮಾಣವೆಂದು ಒಪ್ಪುತ್ತದೆ. ವಸ್ತುವನ್ನು ನೇರವಾಗಿ ತಿಳಿದವನು, ತಿಳಿದಂತೆಯೇ ಹೇಳಬಯಸುವವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಭಾಷ್ಯಕಾರ ವಾತ್ಸ್ಯಾಯನ ಹೇಳಿದ್ದು ಅವನ ಕಾಲಕ್ಕೆ ದೊಡ್ಡ ಮಾತು. ಮಗುವಿನ ವಿಷಯದಲ್ಲಿ ತಾಯಿಗಿಂತ ಆಪ್ತರು ಯಾರಿದ್ದಾರೆ? ಆದರೆ ಲಕ್ಷಣದ ಮೊದಲ ಭಾಗದಲ್ಲೇ ಒಂದು ಷರತ್ತು ಇದೆ: ನೇರವಾಗಿ ತಿಳಿದಿರಬೇಕು. ತಾಯಿ ನೇರವಾಗಿ ತಿಳಿದದ್ದು ದದ್ದನ್ನು. ದದ್ದಿಗೆ ಮದ್ದು ಕಾರಣ ಎಂಬುದನ್ನು ಅವಳು ಕಂಡಿಲ್ಲ, ಊಹಿಸಿದ್ದಾಳೆ. ಕೇಸ್ ಶೀಟಿನಲ್ಲಿ ಕಂಡದ್ದು ಬಿಟ್ಟುಹೋಗಿ ಊಹೆ ಮಾತ್ರ ಉಳಿದುಕೊಂಡಿತು.

ಕೆಲವು ಫೈಲುಗಳಲ್ಲಂತೂ ಊಹಿಸಿದವರು ಯಾರೆಂಬುದೂ ಉಳಿದಿರುವುದಿಲ್ಲ. ವೇದವನ್ನು ಯಾರೂ ರಚಿಸಿಲ್ಲ, ಅದು ಅಪೌರುಷೇಯ, ಆದ್ದರಿಂದಲೇ ಕರ್ತೃವಿನ ದೋಷ ಅದಕ್ಕೆ ತಗಲದು ಎಂಬುದು ಮೀಮಾಂಸಕರ ವಾದ. ಬರೆದವರಾರೆಂದು ಗೊತ್ತಿಲ್ಲದ ಆಸ್ಪತ್ರೆಯ ಷರಾಕ್ಕೆ ಆ ರಕ್ಷೆ ಸಲ್ಲದು. ಅದನ್ನು ಯಾರೋ ಒಬ್ಬರು ಬರೆದಿದ್ದಾರೆ, ಯಾರೋ ಹೇಳಿದ್ದನ್ನು ಕೇಳಿ ಬರೆದಿದ್ದಾರೆ. ಅವರನ್ನು ಮತ್ತೆ ಕೇಳುವ ದಾರಿ ಮುಚ್ಚಿದೆ ಎಂದ ಮಾತ್ರಕ್ಕೆ ಅವರ ಮಾತಿಗೆ ತೂಕ ಬರುವುದಿಲ್ಲ.

ಊಹೆ ಎಲ್ಲಿ ಜಾರಿತು ಎನ್ನುವುದಕ್ಕೂ ನ್ಯಾಯ ದರ್ಶನದವರಾದ ನೈಯಾಯಿಕರ ಬಳಿ ಒಂದು ಹಳೆಯ ಉದಾಹರಣೆ ಇದೆ. ಹೊಗೆ ಇದ್ದಲ್ಲಿ ಬೆಂಕಿ ಇದೆ ಎನ್ನಬಹುದು. ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಎನ್ನಲಾಗದು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರಬೇಕಾದರೆ ಬೆಂಕಿಗೆ ಹಸಿ ಸೌದೆ ಸೇರಬೇಕು. ಆ ಹಸಿ ಸೌದೆಯೇ ‘ಉಪಾಧಿ’. ಒಲೆಯ ಮುಂದೆ ಕೂತವನಿಗೆ ಬೆಂಕಿಯೂ ಹೊಗೆಯೂ ಎದ್ದು ಕಾಣುತ್ತವೆ, ಸೌದೆಯ ಒಳಗಿನ ತೇವ ಕಾಣುವುದಿಲ್ಲ. ಅದಕ್ಕೇ ಅವನು ಬೆಂಕಿಯನ್ನೇ ದೂರುತ್ತಾನೆ.

ಮಕ್ಕಳಿಗೆ ಆಂಟಿಬಯಾಟಿಕ್ ಕೊಡುವುದು ಜ್ವರ ಬಂದಾಗ. ಮಕ್ಕಳ ಜ್ವರಗಳಲ್ಲಿ ಬಹಳಷ್ಟು ವೈರಸ್ಸಿನವು, ಅವುಗಳಲ್ಲಿ ಹಲವು ಮೂರನೆಯದೋ ನಾಲ್ಕನೆಯದೋ ದಿನ ಮೈಮೇಲೆ ದದ್ದು ಎಬ್ಬಿಸುವಂಥವು. ಮೊದಲ ದಿನ ಸಿರಪ್ ಶುರುವಾಯಿತು, ನಾಲ್ಕನೆಯ ದಿನ ದದ್ದು ಬಂತು. ಸಿರಪ್ಪಿನ ಬಾಟಲಿ ಕಿಟಕಿಯ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಕೂತಿದೆ. ವೈರಸ್ ಯಾರ ಕಣ್ಣಿಗೂ ಬಿದ್ದಿಲ್ಲ. ಇಲ್ಲಿ ವೈರಸ್ಸೇ ಆ ತೇವ.

ಸಂಗತಿ ಇನ್ನೂ ಸೂಕ್ಷ್ಮವಾಗುವ ಒಂದು ಕಾಯಿಲೆಯಿದೆ. ಎಪ್‌ಸ್ಟೈನ್-ಬಾರ್ ವೈರಸ್ಸಿನಿಂದ ಬರುವ ಗ್ರಂಥಿಜ್ವರದಲ್ಲಿ ಗಂಟಲು ಊದಿಕೊಂಡು ಕತ್ತಿನ ಗಡ್ಡೆಗಳು ದಪ್ಪಗಾಗುತ್ತವೆ. ಅಂಥವರಿಗೆ ಪೆನಿಸಿಲಿನ್ ಜಾತಿಯದೇ ಆದ ಆಂಪಿಸಿಲಿನ್ ಕೊಟ್ಟರೆ ಬಹುಪಾಲು ಮಂದಿಗೆ ಮೈತುಂಬ ದದ್ದು ಏಳುತ್ತದೆ ಎಂದು 1960ರ ದಶಕದ ವೈದ್ಯರು ವರದಿ ಮಾಡಿದರು. ಕಾಯಿಲೆ ವಾಸಿಯಾದ ಮೇಲೆ ಅದೇ ಮದ್ದು ಅದೇ ಮನುಷ್ಯನಿಗೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಇಲ್ಲಿ ಮದ್ದು ನಿರಪರಾಧಿಯೂ ಅಲ್ಲ, ಪೂರಾ ಅಪರಾಧಿಯೂ ಅಲ್ಲ. ಚರಕ ಸಂಹಿತೆಯ ಸೂತ್ರಸ್ಥಾನ ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನಗಳ ಜೊತೆ ‘ಯುಕ್ತಿ’ಯನ್ನು ನಾಲ್ಕನೆಯ ಪರೀಕ್ಷೆಯೆಂದು ಹೇಳುತ್ತದೆ. ಹಲವು ಕಾರಣಗಳು ಕೂಡಿದಾಗ ಹುಟ್ಟುವ ಫಲವನ್ನು ಆ ಕೂಟದಲ್ಲೇ ನೋಡಬಲ್ಲ ಬುದ್ಧಿಯೇ ಯುಕ್ತಿ. ವೈದ್ಯನಿಗೆ ಅದು ಬೇಕೇಬೇಕೆಂದು ಅಷ್ಟು ಹಿಂದೆಯೇ ಹೊಳೆದಿತ್ತು.

ಇಂಥ ತಪ್ಪು ಪೆನಿಸಿಲಿನ್ನಿಗೆ ಮಾತ್ರ ಮೀಸಲಲ್ಲ. ಸಿಗಡಿ, ಏಡಿ ತಿಂದರೆ ಗಂಧೆ ಏಳುವವರು ಕರಾವಳಿಯಲ್ಲೂ ಇದ್ದಾರೆ. ಅಂಥವರು ಸಿಟಿ ಸ್ಕ್ಯಾನ್‌ಗೆ ಹೋದರೆ “ನಿಮಗೆ ಅಯೋಡಿನ್ ಅಲರ್ಜಿ, ಅಯೋಡಿನ್ ಇರುವ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡಲಾಗದು” ಎಂಬ ಉತ್ತರ ಸಿಗುವುದುಂಟು. ಅಮೆರಿಕದ ವೈದ್ಯರ ನಡುವೆ ನಡೆದು 2008ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಮೂರನೇ ಎರಡರಷ್ಟು ಮಂದಿ ಕಾಂಟ್ರಾಸ್ಟ್ ಕೊಡುವ ಮುನ್ನ ಸಮುದ್ರದ ಆಹಾರದ ಅಲರ್ಜಿಯನ್ನು ವಿಚಾರಿಸುತ್ತೇವೆ ಎಂದಿದ್ದರು. ಆದರೆ ಸಿಗಡಿಯ ಅಲರ್ಜಿಗೆ ಮುಖ್ಯ ಕಾರಣ ಅದರ ಸ್ನಾಯುವಿನಲ್ಲಿರುವ ಟ್ರೋಪೊಮಯೋಸಿನ್ ಎಂಬ ಪ್ರೋಟೀನು. ಅಯೋಡಿನ್ ನಮ್ಮ ಥೈರಾಯ್ಡ್ ಹಾರ್ಮೋನಿನಲ್ಲೇ ಇದೆ. ಅಡುಗೆಮನೆಯ ಉಪ್ಪಿನಲ್ಲಿದೆ. ಅದಕ್ಕೆ ಅಲರ್ಜಿಯಾದವರು ದಿನವೂ ಸಾರನ್ನ ಉಂಡು ಬದುಕಿರಲು ಸಾಧ್ಯವಿಲ್ಲ.

ಸಲ್ಫಾದ ಕಥೆಯೂ ಹೀಗೆಯೇ. ಸಲ್ಫಾ ಆಂಟಿಬಯಾಟಿಕ್‌ನಿಂದ ನಿಜವಾಗಿಯೇ ಚರ್ಮ ಸುಲಿದವರಿದ್ದಾರೆ. ಆ ಭಯ ಸುಳ್ಳಲ್ಲ. ಆದರೆ ಹೆಸರಿನ ನಂಟು ಹಿಡಿದು ವೈನಿನಲ್ಲಿ ಬಳಸುವ ಸಲ್ಫೈಟಿಗೂ ಗಂಧಕಕ್ಕೂ ಅದನ್ನು ಹಬ್ಬಿಸುವುದು ಬೇರೆ ಮಾತು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮರಗಟ್ಟುವ ಇಂಜೆಕ್ಷನ್ ಚುಚ್ಚಿದೊಡನೆ ಬೆವೆತು, ಕಣ್ಣು ಕತ್ತಲಿಟ್ಟು ಬಿದ್ದವರೂ ತಮಗೆ ಅದರ ಅಲರ್ಜಿ ಎಂದೇ ನಂಬಿರುತ್ತಾರೆ. ಹೆಚ್ಚಿನವರಿಗೆ ಆದದ್ದು ಹೆದರಿಕೆಯ ತಲೆಸುತ್ತು, ಇಲ್ಲವೇ ಆ ದ್ರಾವಣದಲ್ಲಿ ಬೆರೆಸಿರುವ ಅಡ್ರಿನಲಿನ್‌ನಿಂದ ಎದ್ದ ಎದೆಬಡಿತ. ಮರಗಟ್ಟುವ ಮದ್ದಿಗೆ ನಿಜವಾದ ಅಲರ್ಜಿ ಬಹಳ ಅಪರೂಪ.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ. ನಂಬಿಕೆ ತಪ್ಪೇ ಇರಲಿ, ಅದರಿಂದ ನಷ್ಟವೇನು? ಸಂಶಯವಿದ್ದರೆ ಬಿಟ್ಟುಬಿಡುವುದು ಕ್ಷೇಮವಲ್ಲವೇ? ಬೇರೆ ಮದ್ದುಗಳು ಬೇಕಾದಷ್ಟಿವೆ. ಸುಳ್ಳು ಭಯದಿಂದ ಯಾರೂ ಸಾಯುವುದಿಲ್ಲ, ಸುಳ್ಳು ಧೈರ್ಯದಿಂದ ಸಾಯಬಹುದು. ಹೆಚ್ಚಿನ ಮನೆಗಳಲ್ಲಿ, ಎಷ್ಟೋ ಕ್ಲಿನಿಕ್ಕುಗಳಲ್ಲಿ ಗೆಲ್ಲುವುದು ಈ ತರ್ಕವೇ.

ಈ ತರ್ಕ ತಪ್ಪು. ತಪ್ಪು ಎಂದು ಇಂದು ಅಂಕಿಗಳಲ್ಲಿ ತೋರಿಸಬಹುದು. ಬ್ರಿಟನ್ನಿನ ಮೂರು ಲಕ್ಷಕ್ಕೂ ಹೆಚ್ಚು ವಯಸ್ಕರ ದಾಖಲೆಗಳನ್ನು ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪೆನಿಸಿಲಿನ್ ಅಲರ್ಜಿಯ ಹಣೆಪಟ್ಟಿ ಇದ್ದವರಿಗೆ ಮದ್ದಿಗೆ ಬಗ್ಗದ ‘ಎಂಆರ್‌ಎಸ್‌ಎ’ ಸೋಂಕು ತಗಲುವ ಅಪಾಯ ಶೇ. 69ರಷ್ಟು ಹೆಚ್ಚಿತ್ತು. ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಕರುಳಿನ ಬೇನೆಯ ಅಪಾಯ ಶೇ. 26ರಷ್ಟು ಹೆಚ್ಚು. ಅದೇ ವರ್ಷ ಅಮೆರಿಕದ ಬಾಸ್ಟನ್‌ನಿಂದ ಬಂದ ಇನ್ನೊಂದು ವರದಿಯ ಪ್ರಕಾರ ಇಂಥವರಲ್ಲಿ ಆಪರೇಷನ್ ಗಾಯ ಕೀವಾಗುವ ಸಂಭವ ಇತರರಿಗಿಂತ ಶೇ. 50ರಷ್ಟು ಜಾಸ್ತಿ. ಕಾರಣ ಕಷ್ಟದ್ದಲ್ಲ. ಆಪರೇಷನ್ನಿಗೆ ಮುನ್ನ ಕೊಡಬೇಕಾದ ಸೂಕ್ತ ಮದ್ದಿನ ಬದಲು ಅವರಿಗೆ ಎರಡನೇ ದರ್ಜೆಯದು ಸಿಕ್ಕಿತ್ತು. ಪೆನಿಸಿಲಿನ್ ಜಾತಿಯ ಮದ್ದು ಗುರಿಯಿಟ್ಟು ಹೊಡೆಯುವ ಕಡೆ ಬದಲಿ ಮದ್ದುಗಳು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಸೇರಿಸಿ ಸವರಿಹಾಕುತ್ತವೆ. ಅವನ್ನು ಮೀರಿ ಬದುಕಿದ ಬ್ಯಾಕ್ಟೀರಿಯಾಗಳು ಪಕ್ಕದ ಮಂಚದವನಿಗೂ ಹರಡುತ್ತವೆ. ಒಬ್ಬನ ಸುಳ್ಳು ಭಯಕ್ಕೆ ಇನ್ನೊಬ್ಬ ಬೆಲೆ ತೆರುವಾಗ, ನಂಬಿಕೆ ನನ್ನ ಸ್ವಂತ ವಿಚಾರ ಎನ್ನುವ ಮಾತು ನಿಲ್ಲುವುದಿಲ್ಲ.

ಗರ್ಭಿಣಿಯರ ಸಿಫಿಲಿಸ್‌ಗಂತೂ ಪೆನಿಸಿಲಿನ್ ಬಿಟ್ಟರೆ ಹೊಟ್ಟೆಯೊಳಗಿನ ಕೂಸನ್ನೂ ಕಾಯುವ ಬೇರೆ ಭರವಸೆಯ ಮದ್ದು ಇಲ್ಲ. ತಾಯಿಗೆ ನಿಜವಾಗಿಯೇ ಅಲರ್ಜಿ ಇದ್ದರೂ ಆಸ್ಪತ್ರೆಯಲ್ಲಿಟ್ಟುಕೊಂಡು, ಅತಿ ಸಣ್ಣ ಪ್ರಮಾಣದಿಂದ ಆರಂಭಿಸಿ, ಹಂತ ಹಂತವಾಗಿ ಒಗ್ಗಿಸಿ ಅದನ್ನೇ ಕೊಡಬೇಕೆಂಬುದು ವೈದ್ಯಕೀಯ ನಿಯಮ.

ನಮ್ಮ ದೇಶದಲ್ಲಿ ಈ ಭಯ ಹೆಚ್ಚು ನೋಯಿಸಿರುವುದು ರುಮ್ಯಾಟಿಕ್ ಹೃದಯರೋಗದ ಮಕ್ಕಳನ್ನು. ಗಂಟಲಿನ ಸ್ಟ್ರೆಪ್ಟೊಕಾಕಸ್ ಸೋಂಕಿನಿಂದ ಶುರುವಾಗುವ ಈ ಕಾಯಿಲೆ ಮೊದಲು ಕೀಲುಗಳನ್ನು ಹಿಡಿಯುತ್ತದೆ, ಆಮೇಲೆ ಹೃದಯದ ವಾಲ್ವನ್ನು ಕೆಡಿಸುತ್ತದೆ. ಬಡತನ, ಇಕ್ಕಟ್ಟಾದ ಮನೆಗಳು ಇದರ ತವರು. ಗಂಟಲ ಸೋಂಕು ಮರುಕಳಿಸದಂತೆ ಮೂರು ವಾರಕ್ಕೊಮ್ಮೆ 12 ಲಕ್ಷ ಯೂನಿಟ್ ಬೆಂಜಥೈನ್ ಪೆನಿಸಿಲಿನ್ ಚುಚ್ಚಿಸಿಕೊಳ್ಳಬೇಕು, ಅದೂ ವರ್ಷಗಟ್ಟಲೆ. ಹುಡುಗಿಯೊಬ್ಬಳು ಚೀಟಿ ಹಿಡಿದು ಊರಿನ ಕ್ಲಿನಿಕ್ಕಿಗೆ ಹೋದರೆ “ಅದು ರಿಯಾಕ್ಷನ್ ಆಗೋ ಇಂಜೆಕ್ಷನ್ನಮ್ಮ, ಇಲ್ಲಿ ಕೊಡೋದಿಲ್ಲ, ದೊಡ್ಡಾಸ್ಪತ್ರೆಗೆ ಹೋಗು” ಎಂದು ಸಾಗಹಾಕುವುದು ಹೊಸತಲ್ಲ. ದೊಡ್ಡಾಸ್ಪತ್ರೆ ದೂರ, ಅಪ್ಪನಿಗೆ ಒಂದು ದಿನದ ಕೂಲಿ ಹೋಗುತ್ತದೆ. ಎರಡು ಸಲ ಹೋದವರು ಮೂರನೆಯ ಸಲ ಹೋಗುವುದಿಲ್ಲ.

ಆ ಭಯಕ್ಕೆ ಆಧಾರವೆಷ್ಟು? 11 ದೇಶಗಳ 1790 ರೋಗಿಗಳಿಗೆ ಕೊಟ್ಟ 32,430 ಇಂಜೆಕ್ಷನ್‌ಗಳನ್ನು ಲೆಕ್ಕವಿಟ್ಟ ಅಧ್ಯಯನ 1991ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಪ್ರಾಣಕ್ಕೆ ಅಪಾಯ ತರುವ ಅನಾಫಿಲಾಕ್ಸಿಸ್ ಆದದ್ದು ನಾಲ್ಕು ಮಂದಿಗೆ, ಅಂದರೆ ಹತ್ತು ಸಾವಿರ ಇಂಜೆಕ್ಷನ್ನಿಗೆ ಒಂದು ಚಿಲ್ಲರೆ. ಇಂಜೆಕ್ಷನ್ ಚುಚ್ಚಿದೊಡನೆ ಕುಸಿದು ಸತ್ತವರ ವರದಿಗಳನ್ನು ಪರಿಶೀಲಿಸಿದ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2022ರಲ್ಲಿ ಇನ್ನೊಂದು ಸಂಗತಿ ಹೇಳಿತು. ಅಂಥ ಹಲವು ಸಾವುಗಳು ಅಲರ್ಜಿಯಿಂದ ಆದಂತೆ ತೋರುವುದಿಲ್ಲ. ವಾಲ್ವ್ ತೀರಾ ಕೆಟ್ಟಿರುವ ರೋಗಿಯ ಹೃದಯ ಚುಚ್ಚುವ ನೋವಿನ ಆಘಾತ ತಾಳದೆ ಸೋತಿರಬೇಕು. ಅಂಥವರಿಗೆ ಇಂಜೆಕ್ಷನ್ನಿಗೆ ಬದಲು ಮಾತ್ರೆಯನ್ನು ಯೋಚಿಸಬೇಕೆಂದು ಅದು ಸಲಹೆ ಕೊಟ್ಟಿತು. ಅಲರ್ಜಿ ಎಂಬ ತಪ್ಪು ಕಾರಣಕ್ಕೆ ಅಂಟಿಕೊಂಡಿದ್ದರಿಂದ ಎರಡು ಕಡೆಯೂ ನಷ್ಟವಾಯಿತು. ಇಂಜೆಕ್ಷನ್ ಬೇಕಾಗಿದ್ದ ಮಕ್ಕಳಿಗೆ ಅದು ತಪ್ಪಿತು, ಎಚ್ಚರ ಬೇಕಾಗಿದ್ದ ರೋಗಿಗಳಿಗೆ ಆ ಎಚ್ಚರ ಸಿಗಲಿಲ್ಲ.

ಈಗ ಮೂಲ ಪ್ರಶ್ನೆ. ನನ್ನ ದೇಹದ ಬಗ್ಗೆ ನನಗಿರುವ ತಿಳಿವಳಿಕೆಯನ್ನು ನಾನೇಕೆ ಅನುಮಾನಿಸಬೇಕು?

ತಿಳಿವಳಿಕೆಯ ಸತ್ಯ ಅದರೊಳಗೇ ಇದೆಯೋ ಹೊರಗಿನಿಂದ ಬರುತ್ತದೋ ಎಂಬುದು ಭಾರತೀಯ ದರ್ಶನಗಳ ದೊಡ್ಡ ವಿವಾದ. ಈ ಸತ್ಯ, ಅಂದರೆ ಪ್ರಾಮಾಣ್ಯ, ಹೊರಗಿನಿಂದ ಗೊತ್ತಾಗಬೇಕು ಎಂಬುದು ನೈಯಾಯಿಕರ ನಿಲುವು: ದೂರದಲ್ಲಿ ನೀರು ಕಂಡರೆ ಹೋಗಿ ಕುಡಿದು ನೋಡು, ಬಾಯಾರಿಕೆ ಹೋದರೆ ಅದು ನೀರೆಂಬ ಜ್ಞಾನ ನಿಜ. ಮೀಮಾಂಸಕರೂ ವೇದಾಂತಿಗಳೂ ಇದನ್ನು ಒಪ್ಪಲಿಲ್ಲ. ಕುಡಿದ ಅನುಭವವನ್ನು ನಂಬಲು ಮತ್ತೊಂದು ಸಾಕ್ಷ್ಯ ಬೇಕಾದರೆ ಈ ಸರಪಳಿ ಮುಗಿಯುವುದೆಲ್ಲಿ? ಕನ್ನಡ ನೆಲದಲ್ಲಿ ಬೆಳೆದ ಮಧ್ವ ಪರಂಪರೆ ಈ ಪ್ರಶ್ನೆಯನ್ನು ಬಹು ಎಚ್ಚರದಿಂದ ಬಿಡಿಸಿದೆ. ಜಯತೀರ್ಥರೂ, ವಿಜಯನಗರದ ಕಾಲದಲ್ಲಿ ‘ತರ್ಕತಾಂಡವ’ ಬರೆದು ನೈಯಾಯಿಕರನ್ನು ಎದುರಿಸಿದ ವ್ಯಾಸತೀರ್ಥರೂ ಹೇಳುವಂತೆ ಜ್ಞಾನದ ಸತ್ಯವನ್ನು ಗ್ರಹಿಸುವುದು ಆತ್ಮಸ್ವರೂಪವಾದ ‘ಸಾಕ್ಷಿ’. ಸುಖ, ದುಃಖ, ನೋವು ಅದಕ್ಕೆ ನೇರ ಗೋಚರ. ಅಲ್ಲಿ ಅದು ತಪ್ಪುವುದಿಲ್ಲ. ಆದರೆ ಶಂಕೆ ಎದ್ದಾಗ ಸಾಕ್ಷಿ ಸುಮ್ಮನೆ ತೀರ್ಪು ಕೊಡುವುದಿಲ್ಲ. ಪರೀಕ್ಷೆ ನಡೆದು ಶಂಕೆ ಕಳೆದ ಮೇಲೆ ನಿಶ್ಚಯಿಸುತ್ತದೆ. ನಿಶ್ಚಯವಾದ ಮೇಲೆ ಮತ್ತೆ ಮತ್ತೆ ಕೆದಕುವ ಅಗತ್ಯವಿಲ್ಲ.

ಅಲರ್ಜಿಗೆ ಇದನ್ನು ಹಿಡಿದು ನೋಡಿದರೆ ಗಂಟು ಸಡಿಲವಾಗುತ್ತದೆ. “ನನಗೆ ತುರಿಸಿತು” ಎಂಬುದರಲ್ಲಿ ಯಾವ ವೈದ್ಯನೂ ರೋಗಿಯನ್ನು ತಿದ್ದಲಾರ. ಅದು ಸಾಕ್ಷಿಯ ವಿಷಯ. “ಈ ಮಾತ್ರೆಯಿಂದ ತುರಿಸಿತು” ಎಂಬುದು ಹಾಗಲ್ಲ. ಕಾರಣ ಯಾರಿಗೂ ಒಳಗಿನಿಂದ ಕಾಣುವುದಿಲ್ಲ. ಎಷ್ಟೋ ವೈದ್ಯರು ಎರಡನೆಯದನ್ನು ಅಲ್ಲಗಳೆಯುವ ಭರದಲ್ಲಿ ಮೊದಲನೆಯದನ್ನೂ ತಳ್ಳಿಹಾಕಿ ರೋಗಿಯನ್ನು ನೋಯಿಸುತ್ತಾರೆ. ರೋಗಿಯಾದವನು ಮೊದಲನೆಯದರ ಖಚಿತತೆಯನ್ನು ಎರಡನೆಯದಕ್ಕೂ ಹೊದಿಸಿ ತನಗೇ ಕೇಡು ಮಾಡಿಕೊಳ್ಳುತ್ತಾನೆ.

ಪರೀಕ್ಷೆ ಹೇಗಿರುತ್ತದೆ? ಚರ್ಮ ಪರೀಕ್ಷೆಯಲ್ಲಿ ಮುಂಗೈ ಮೇಲೆ ಕೆಲವು ಹನಿಗಳನ್ನಿಟ್ಟು ಸೂಜಿಮೊನೆಯಿಂದ ಹಗುರಾಗಿ ಚುಚ್ಚುತ್ತಾರೆ. ಒಂದು ಹನಿ ಅನುಮಾನಕ್ಕೆ ಗುರಿಯಾದ ಮದ್ದು. ಪಕ್ಕದ್ದು ಹಿಸ್ಟಮಿನ್, ಅದು ಯಾರಿಗಾದರೂ ಊದಲೇಬೇಕು. ಇನ್ನೊಂದು ಬರೀ ಉಪ್ಪುನೀರು, ಅದು ಊದಬಾರದು. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಎದ್ದ ಗುಳ್ಳೆಗಳ ಅಗಲವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಮದ್ದಿನ ಗುಳ್ಳೆ ಉಪ್ಪುನೀರಿನದಕ್ಕಿಂತ 3 ಮಿಲಿಮೀಟರಾದರೂ ದೊಡ್ಡದಿದ್ದರೆ ಅಲರ್ಜಿಯ ಸೂಚನೆ. ರೋಗಿ ಹಿಂದಿನ ದಿನ ತುರಿಕೆ ತಗ್ಗಿಸುವ ಸಿಟ್ರಿಜಿನ್ ನುಂಗಿ ಬಂದಿದ್ದರೆ ಹಿಸ್ಟಮಿನ್ನೂ ಊದುವುದಿಲ್ಲ. ಆಗ ಪರೀಕ್ಷೆಯೇ ರದ್ದು. ತರ್ಕಶಾಸ್ತ್ರ ಓದಿದವರಿಗೆ ಇದು ಅಪರಿಚಿತವಲ್ಲ. ಊಹೆಗೆ ಆಧಾರವಾದ ಗುರುತು, ಅಂದರೆ ಹೇತು, ಫಲ ಇದೆಯೆಂದು ಗೊತ್ತಿರುವ ಸಪಕ್ಷದಲ್ಲಿ ಇರಬೇಕು, ಇಲ್ಲವೆಂದು ಗೊತ್ತಿರುವ ವಿಪಕ್ಷದಲ್ಲಿ ಇರಬಾರದು. ಎರಡನ್ನೂ ನೋಡಿಯೇ ಸಂಶಯದಲ್ಲಿರುವ ಪಕ್ಷದ ಬಗ್ಗೆ ತೀರ್ಮಾನ. ಹಿಸ್ಟಮಿನ್ ಇಲ್ಲಿ ಸಪಕ್ಷ, ಉಪ್ಪುನೀರು ವಿಪಕ್ಷ. ಅನುಮಾನದ ಮೂರೂ ಅಂಗ ಒಂದೇ ಮುಂಗೈ ಮೇಲೆ ಸಾಲಾಗಿ ನಿಂತಿರುತ್ತವೆ.

ನಮ್ಮ ಕ್ಲಿನಿಕ್ಕುಗಳ ‘ಟೆಸ್ಟ್ ಡೋಸ್’ ಈ ದರ್ಜೆಯದಲ್ಲ. ಮದ್ದನ್ನೇ ತೆಳುಮಾಡಿ ಚರ್ಮದೊಳಗೆ ಚುಚ್ಚುತ್ತಾರೆ, ಹೋಲಿಸಿ ನೋಡಲು ಪಕ್ಕದಲ್ಲಿ ಏನೂ ಇರುವುದಿಲ್ಲ. ಮದ್ದಿನ ಉರಿಗೆ ಕೆಂಪಾದರೂ ಅಲರ್ಜಿ ಎಂಬ ಹಣೆಪಟ್ಟಿ. ಕೆಂಪಾಗದಿದ್ದರೆ ಪೂರ್ತಿ ನಿಶ್ಚಿಂತೆ. ಎರಡೂ ತಪ್ಪು. ಟೆಸ್ಟ್ ಡೋಸ್ ದಾಟಿದ ಮೇಲೂ ಪೂರ್ಣ ಇಂಜೆಕ್ಷನ್ನಿಗೆ ಅನಾಫಿಲಾಕ್ಸಿಸ್ ಆಗಬಹುದು.

ಅಪಾಯ ಕಡಿಮೆಯಿದ್ದವರಿಗೆ ಚರ್ಮ ಪರೀಕ್ಷೆಯನ್ನೂ ಬಿಟ್ಟು ನೇರವಾಗಿ ಮಾತ್ರೆ ನುಂಗಿಸಿ ನೋಡುವ ವಿಧಾನ ಈಗ ಬಲಪಡೆದಿದೆ. ಆಸ್ಟ್ರೇಲಿಯಾ, ಕೆನಡಾ, ಅಮೆರಿಕಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಂಥ 377 ವಯಸ್ಕರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನೇರ ಮಾತ್ರೆ, ಇನ್ನೊಂದಕ್ಕೆ ಮೊದಲು ಚರ್ಮ ಪರೀಕ್ಷೆ, ಆಮೇಲೆ ಮಾತ್ರೆ. ಎರಡು ಗುಂಪಿನಲ್ಲೂ ಪ್ರತಿಕ್ರಿಯೆ ಬಂದದ್ದು ಒಬ್ಬೊಬ್ಬರಿಗೆ. ಮಾತ್ರೆ ನುಂಗಿ, ತುರ್ತಿಗೆಂದು ಅಡ್ರಿನಲಿನ್ ಸಿದ್ಧವಿರುವ ಕೋಣೆಯಲ್ಲಿ ಗಂಟೆಯೋ ಎರಡು ಗಂಟೆಯೋ ಕೂತಿದ್ದರೆ ಹಲವು ದಶಕಗಳ ಭಯ ಇತ್ಯರ್ಥವಾಗುತ್ತದೆ. ಕುಡಿದು ನೋಡಿದ ಹೊರತು ನೀರೆಂದು ಗೊತ್ತಾಗದು ಎಂದ ನೈಯಾಯಿಕನ ಮಾತು ಇಲ್ಲಿ ಅಕ್ಷರಶಃ ನಡೆಯುತ್ತದೆ.

ಹಾಗೆಂದು ಎಲ್ಲ ನಂಬಿಕೆಯನ್ನೂ ಹೀಗೆ ಒರೆಗೆ ಹಚ್ಚಬಾರದು. ಮಾತ್ರೆ ತಿಂದ ಮೇಲೆ ಬಾಯಿ, ಕಣ್ಣುಗಳಲ್ಲಿ ಹುಣ್ಣೆದ್ದು, ಸುಟ್ಟಂತೆ ಚರ್ಮ ಸುಲಿದ ಸ್ಟೀವನ್ಸ್-ಜಾನ್ಸನ್ ಕಾಯಿಲೆಯವರಿಗೆ ಅದೇ ಮದ್ದನ್ನು ಇನ್ನೊಮ್ಮೆ ಕೊಟ್ಟು ನೋಡುವುದು ಅಪರಾಧ. ಅಪಸ್ಮಾರಕ್ಕೆ ಕೊಡುವ ಕಾರ್ಬಮಾಜೆಪಿನ್‌ನಿಂದ ಈ ಕಾಯಿಲೆ ಬಂದ ತೈವಾನಿನ 44 ರೋಗಿಗಳನ್ನು ಪರೀಕ್ಷಿಸಿದ 2004ರ ವರದಿಯಲ್ಲಿ 44 ಮಂದಿಯಲ್ಲೂ ಒಂದೇ ಜೀನು ರೂಪ ಸಿಕ್ಕಿತು: ಎಚ್‌ಎಲ್‌ಎ-ಬಿ 1502. ಏಷ್ಯಾ ಮೂಲದವರಿಗೆ ಈ ಮದ್ದು ಶುರುಮಾಡುವ ಮೊದಲೇ ರಕ್ತದಲ್ಲಿ ಆ ಜೀನು ಹುಡುಕಬೇಕೆಂದು ಅಮೆರಿಕದ ಔಷಧ ನಿಯಂತ್ರಕರು 2007ರಲ್ಲಿ ಸೂಚಿಸಿದರು. ಇಲ್ಲಿ ಪರೀಕ್ಷೆ ಅನುಭವಕ್ಕಿಂತ ಮುಂಚೆ ನಡೆಯುತ್ತದೆ.

“ಹಿಂದೆ ತಗೊಂಡಿದ್ದೇನೆ, ಏನೂ ಆಗಿಲ್ಲ” ಎಂಬ ಧೈರ್ಯವೂ ಪ್ರಮಾಣವಲ್ಲ. ಫ್ರಾನ್ಸಿನ ಶಾರ್ಲ್ ರಿಷೆ ಮತ್ತು ಪಾಲ್ ಪೋರ್ತಿಯೆ 1902ರಲ್ಲಿ ನಾಯಿಗಳಿಗೆ ಕಡಲ ಜೀವಿಯ ವಿಷವನ್ನು ಕೊಂಚ ಕೊಟ್ಟು, ಅವು ಒಗ್ಗಿಕೊಳ್ಳುತ್ತವೆಂದು ಕಾದರು. ಮೊದಲ ಸಲ ಚೆನ್ನಾಗಿಯೇ ಇದ್ದ ನಾಯಿ ವಾರಗಳ ನಂತರ ಮತ್ತೆ ಸಣ್ಣ ಪ್ರಮಾಣ ಕೊಟ್ಟಾಗ ಅರ್ಧ ಗಂಟೆಯೊಳಗೆ ಸತ್ತಿತು. ಮೊದಲ ಸಲ ದೇಹ ತಯಾರಾಗುತ್ತದೆ, ಮರುಸಲ ತಿರುಗಿಬೀಳುತ್ತದೆ ಎಂಬ ಈ ಶೋಧಕ್ಕೆ ರಿಷೆ 1913ರ ನೊಬೆಲ್ ಪಡೆದರು. ಇಂಥದೇ ಇನ್ನೊಂದು ಧೈರ್ಯ, ಗಿಡಮರದಿಂದ ಬಂದದ್ದಕ್ಕೆ ಅಡ್ಡಪರಿಣಾಮವೇ ಇಲ್ಲ ಎಂಬುದು; ಹಾಗೆನ್ನುವವರು ಮಲೆನಾಡಿನ ಕೇರುಮರವನ್ನು ನೆನೆಯಬೇಕು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಅದರ ಕಾಯಿಯ ಮಸಿಯಿಂದ ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿದ್ದ ಸೈನಿಕರ ಕುತ್ತಿಗೆ, ಸೊಂಟದಲ್ಲಿ ಅಲರ್ಜಿಯ ಹುಣ್ಣುಗಳೆದ್ದದ್ದು ವೈದ್ಯಕೀಯ ದಾಖಲೆಗಳಲ್ಲಿದೆ.

ಕೆಲವರಿಗೆ ದೇಹವೇ ಅನ್ವಯ-ವ್ಯತಿರೇಕ ಮಾಡಿ ತೋರಿಸುತ್ತದೆ. ನೋವಿಗೋ ಬೇಧಿಗೋ ಮಾತ್ರೆ ನುಂಗಿದಾಗಲೆಲ್ಲ ತುಟಿಯ ಅದೇ ಮೂಲೆಯಲ್ಲಿ ಅದೇ ದುಂಡು ಕಲೆ ಕೆರಳಿ, ಆಮೇಲೆ ಕಪ್ಪಾಗಿ ಉಳಿಯುತ್ತದೆ. ಮಾತ್ರೆ ಇದ್ದರೆ ಕಲೆ ಕೆರಳುತ್ತದೆ, ಇಲ್ಲದಿದ್ದರೆ ಇಲ್ಲ. ಇಷ್ಟು ಖಚಿತ ಪ್ರಮಾಣ ಕಣ್ಣೆದುರಿದ್ದೂ ಆ ರೋಗಿ “ಪಿತ್ತ ಜಾಸ್ತಿಯಾಗಿದೆ” ಎಂದುಕೊಂಡು ಅದೇ ಮಾತ್ರೆಯನ್ನು ಮತ್ತೆ ತಿನ್ನುತ್ತಾನೆ. ಕಾರಣ, ಅವನಿಗೆ ಮಾತ್ರೆಯ ಹೆಸರೇ ತಿಳಿದಿಲ್ಲ. ಮೆಡಿಕಲ್ ಶಾಪಿನಲ್ಲಿ ಸ್ಟ್ರಿಪ್ಪನ್ನು ಕತ್ತರಿಸಿ ಎರಡೇ ಮಾತ್ರೆ ಕೊಟ್ಟಿರುತ್ತಾರೆ, ಹೆಸರಿನ ಅರ್ಧ ಅಂಗಡಿಯಲ್ಲೇ ಉಳಿದಿರುತ್ತದೆ. ಹೆಸರಿಲ್ಲದ ವಸ್ತುವಿನ ಬಗ್ಗೆ ಸರಿಯಾದ ಭಯವೂ ಸಾಧ್ಯವಿಲ್ಲ.

ಇಷ್ಟೆಲ್ಲ ಆದ ಮೇಲೂ ಒಂದು ಸೋಜಿಗ ಉಳಿಯುತ್ತದೆ. ಪರೀಕ್ಷೆಯಲ್ಲಿ ಅಲರ್ಜಿ ಇಲ್ಲವೆಂದು ಸಾಬೀತಾದವರಲ್ಲೂ ಕೆಲವರು ಆ ಮದ್ದನ್ನು ಮುಟ್ಟುವುದಿಲ್ಲ. ಅವರ ವೈದ್ಯರೂ ಬರೆಯುವುದಿಲ್ಲ. ತೆಗೆದುಹಾಕಿದ ಷರಾ ಮುಂದಿನ ಭರ್ತಿಯಲ್ಲಿ ಮತ್ತೆ ಬಂದು ಕೂರುತ್ತದೆ. ತಿಳಿಯುವುದು ಬೇರೆ, ತಿಳಿದದ್ದರ ಮೇಲೆ ನಿಲ್ಲುವುದು ಬೇರೆ. ಸಂಶಯಕ್ಕೂ ಒಂದು ಎಲ್ಲೆಯಿದೆ, ಸಂಶಯಿಸುವವನ ಸ್ವಂತ ನಡವಳಿಕೆಗೇ ಅದು ವಿರುದ್ಧವಾದಲ್ಲಿ ನಿಲ್ಲಬೇಕು ಎಂದು ನೈಯಾಯಿಕ ಉದಯನಾಚಾರ್ಯ ಸಾವಿರ ವರ್ಷದ ಹಿಂದೆ ವಾದಿಸಿದ. ವೈದ್ಯರೆದುರು ಅಮಾಕ್ಸಿಸಿಲಿನ್ ನುಂಗಿ ಚೆನ್ನಾಗಿಯೇ ಎದ್ದು ಮನೆಗೆ ಬಂದವನು ಮರುದಿನ ಅದು ತನಗೆ ವಿಷ ಎನ್ನುವುದಕ್ಕೆ ಆಧಾರ ಉಳಿದಿಲ್ಲ.

ಆದ್ದರಿಂದ ಓದುಗರಲ್ಲಿ ವಿನಂತಿಯಿಷ್ಟು. ಮನೆಯಲ್ಲಿ ಯಾರಿಗಾದರೂ ಯಾವ ಮದ್ದಾದರೂ ಆಗಿಬರುವುದಿಲ್ಲ ಎಂಬ ಮಾತಿದ್ದರೆ ಹಿರಿಯರನ್ನು ಕೂರಿಸಿಕೊಂಡು ಕೇಳಿ, ಆಗ ಏನಾಯಿತು, ಎಷ್ಟು ಹೊತ್ತಿಗಾಯಿತು, ಮದ್ದಿನ ಹೆಸರೇನು, ಯಾವ ವರ್ಷ ಎಂಬುದನ್ನು ಬರೆದಿಡಿ. ಆ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ “ಇದು ನಿಜವೇ, ಪರೀಕ್ಷಿಸಬಹುದೇ” ಎಂದು ಕೇಳಿ. ಕಾಯಿಲೆ ಬಿದ್ದಾಗಲ್ಲ, ಆರೋಗ್ಯವಾಗಿರುವಾಗ. ಮನೆಯಲ್ಲಿ ಸ್ವಂತ ಪ್ರಯೋಗ ಖಂಡಿತ ಬೇಡ. ಉಸಿರು ಕಟ್ಟಿ, ನಾಲಿಗೆ ಊದಿಕೊಂಡು ಅನಾಫಿಲಾಕ್ಸಿಸ್ ಆದವರಿಗೆ ಮೊದಲು ಬೇಕಾದದ್ದು ತೊಡೆಯ ಹೊರಭಾಗದ ಸ್ನಾಯುವಿಗೆ ಅಡ್ರಿನಲಿನ್. ತುರಿಕೆ ತಗ್ಗಿಸುವ ಎವಿಲ್ ಇಂಜೆಕ್ಷನ್ ಅದಕ್ಕೆ ಬದಲಿಯಲ್ಲ. ಮಾತ್ರೆ ಕೊಳ್ಳುವಾಗ ಹೆಸರು ಇರುವ ಭಾಗವನ್ನೇ ಕೇಳಿ ಪಡೆಯಿರಿ. ಔಷಧದಿಂದ ತೊಂದರೆಯಾದರೆ ರೋಗಿಗಳೇ ನೇರವಾಗಿ ತಿಳಿಸಲು ಕೇಂದ್ರ ಸರ್ಕಾರದ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಹಾಯವಾಣಿ ಇದೆ. ಅದರ ಸಂಖ್ಯೆ 1800-180-3024.